ಹಳೇ ಸಿವಿಕ್ ಆಟೋಮ್ಯಾಟಿಕ್: 1.4 ಲಕ್ಷ ಕಿ.ಮೀ. ಆದಮೇಲೆ ಮೊದಲ ಸಲ ಗೇರ್‌ಬಾಕ್ಸ್ ಆಯಿಲ್ ಬದಲಿಸಬಹುದಾ?

ಸುಂಟಿಕೊಪ್ಪ_ಸಿವಿಕ್

2008ರ ಹೋಂಡಾ ಸಿವಿಕ್ 1.8, 5 ಗೇರಿನ ಆಟೋಮ್ಯಾಟಿಕ್. ಓಡಿರುವುದು 1,42,000 ಕಿ.ಮೀ. ಸೆಕೆಂಡ್ ಹ್ಯಾಂಡ್ ಗಾಡಿ. ಸರ್ವಿಸ್ ಪುಸ್ತಕದಲ್ಲಿ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಬದಲಿಸಿದ ಬಗ್ಗೆ ಒಂದು ಸಾಲೂ ಇಲ್ಲ.

ತೊಂದರೆ ಎರಡು. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಡಿ ಹಾಕಿದರೆ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಡಬ್ ಅಂತ ಹಿಡಿಯುತ್ತದೆ. ಇನ್ನೊಂದು, ಮಡಿಕೇರಿ ಕಡೆಗೆ ಏರು ಹತ್ತುವಾಗ 50–60ರ ವೇಗದಲ್ಲಿ ಕಾಲು ಹಗುರವಾಗಿ ಇಟ್ಟಿದ್ದರೆ ನಡುಕ ಬರುತ್ತದೆ, ರಸ್ತೆಯ ಉಬ್ಬುಪಟ್ಟಿಗಳ ಮೇಲೆ ಓಡಿಸಿದ ಹಾಗೆ. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ನಿಲ್ಲುತ್ತದೆ.

ಇಷ್ಟು ಹಳೇ ಆಯಿಲ್ ಮುಟ್ಟಿದರೆ ಗೇರ್‌ಬಾಕ್ಸ್ ಹೋಗುತ್ತದೆ ಎಂದು ಒಬ್ಬರು, ಮಷಿನ್ ಹಾಕಿ ಪೂರ್ತಿ ಫ್ಲಶ್ ಮಾಡಿಸಿ ಎಂದು ಇನ್ನೊಬ್ಬರು. ಯಾವುದು ಸರಿ? ಎಷ್ಟು ಲೀಟರ್, ಯಾವ ಆಯಿಲ್ ತರಬೇಕು?

ಹದಿನೇಳರ_ಪಾನ (ಮಡಿಕೇರಿ)

ಸರ್, ಬದಲಿಸಿ. ಆದರೆ ಮಷಿನ್ ಬೇಡ. ಇಳಿಸಿ ತುಂಬಿ, ಓಡಿಸಿ, ಮತ್ತೆ ಇಳಿಸಿ ತುಂಬಿ. ಹೋಂಡಾದ ಈ ಬಾಕ್ಸ್‌ಗೆ ಇದೇ ಸರಿಯಾದ ದಾರಿ.

ನೀವು ಹೇಳುವ ಏರಿನ ನಡುಕ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಒಳಗಿನ, ಎರಡನ್ನೂ ನೇರ ಜೋಡಿಸುವ ಲಾಕಪ್ ಕ್ಲಚ್‌ನದು. ಹಗುರ ಕಾಲಿನಲ್ಲಿ ಹೋಗುವಾಗ ಅದು ಪೂರ್ತಿ ಕಚ್ಚದೆ ಸ್ವಲ್ಪ ಜಾರುತ್ತಲೇ ಹಿಡಿದಿರುತ್ತದೆ. ಆ ಜಾರಿಕೆ ನಯವಾಗಿರಲು ಆಯಿಲ್‌ನಲ್ಲಿ ಘರ್ಷಣೆಯನ್ನು ಹದದಲ್ಲಿಡುವ ರಾಸಾಯನಿಕಗಳಿರುತ್ತವೆ. ಕಾವಿಗೆ ಅವು ಸತ್ತವೆಂದರೆ ಕ್ಲಚ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಡುಗುತ್ತದೆ. ಘಾಟಿಯ ಓಟದಲ್ಲಿ ಕಾವು ಹೆಚ್ಚು, ಅದಕ್ಕೇ ನಮ್ಮ ಕಡೆ ಆಯಿಲ್ ಬೇಗ ಸಾಯುತ್ತದೆ. ಆಯಿಲ್‌ನಿಂದಲೇ ಬಂದ ನಡುಕವಾದರೆ ಹೊಸ ಆಯಿಲ್‌ಗೆ ಬಹುಮಟ್ಟಿಗೆ ಹೋಗುತ್ತದೆ.

ಆಯಿಲ್: ಹೋಂಡಾ ಎಟಿಎಫ್ ಡಿಡಬ್ಲ್ಯೂ-1. ನಿಮ್ಮ ಗಾಡಿ ಬಂದಾಗ ಇದ್ದದ್ದು ಝಡ್-1. ಅದರ ಜಾಗಕ್ಕೆ ಬಂದದ್ದೇ ಡಿಡಬ್ಲ್ಯೂ-1, ಎರಡೂ ಬೆರೆತರೆ ತೊಂದರೆ ಇಲ್ಲ. ಪವರ್ ಸ್ಟೀರಿಂಗ್‌ಗೆಂದು ಮಾರುವ ಕೆಂಪು ಎಣ್ಣೆಯನ್ನು ಬಣ್ಣ ಒಂದೇ ಎಂದು ಹಾಕಿಬಿಡಬೇಡಿ, ನಡುಕ ಇನ್ನೂ ಹೆಚ್ಚೀತು.

ಲೆಕ್ಕ: ಒಳಗೆ ಸುಮಾರು 6 ಲೀಟರ್ ಇದ್ದರೂ ಬೋಲ್ಟ್ ಬಿಚ್ಚಿದರೆ ಬರುವುದು 2.4 ಲೀಟರ್ ಆಸುಪಾಸು. ಉಳಿದದ್ದು ಕನ್ವರ್ಟರ್, ಕ್ಲಚ್, ಕೂಲರ್ ಪೈಪುಗಳಲ್ಲೇ ನಿಲ್ಲುತ್ತದೆ. ಒಂದು ಸಲ ಬದಲಿಸಿದರೆ ಹಳೆಯದು 60%, ಎರಡನೇ ಸಲಕ್ಕೆ 36%, ಮೂರನೇ ಸಲಕ್ಕೆ 22% ಉಳಿಯುತ್ತದೆ. ಮೂರು ಸಲಕ್ಕೆ 8 ಲೀಟರ್ ತಂದಿಟ್ಟುಕೊಳ್ಳಿ. ಡ್ರೈನ್ ಬೋಲ್ಟ್‌ಗೆ (ಕೆಳಗೆ ಆಯಿಲ್ ಇಳಿಸುವ ಬೋಲ್ಟ್) 18 ಮಿ.ಮೀ. ಅಲ್ಯೂಮಿನಿಯಂ ವಾಷರ್ ಮೂರು.

ಕೆಲಸ ಶುರು ಮಾಡುವಾಗ ಮೊದಲು ತುಂಬುವ ಬೋಲ್ಟ್ ಬಿಚ್ಚಿ. ಬಾಕ್ಸ್‌ನ ಮೇಲ್ಭಾಗದಲ್ಲಿ 'ಎಟಿಎಫ್' ಎಂದು ಬರೆದಿರುವ 17ರ ಬೋಲ್ಟ್ ಅದು. ವರ್ಷಗಟ್ಟಲೆ ಮುಟ್ಟದೆ ಕಚ್ಚಿಕೊಂಡಿರಬಹುದು. ಕೆಳಗಿನದು ಖಾಲಿ ಮಾಡಿದ ಮೇಲೆ ಮೇಲಿನದು ಬಿಚ್ಚಲಾಗದಿದ್ದರೆ ಗಾಡಿ ಅಲ್ಲೇ ಕೂರುತ್ತದೆ.

ಡ್ರೈನ್ ಬೋಲ್ಟ್‌ನ ತಲೆಯಲ್ಲಿ ಚೌಕ ತೂತು ಇದೆ. 3/8 ಇಂಚಿನ ರ್‍ಯಾಚೆಟ್‌ನ ತುದಿಯೇ ನೇರ ಕೂರುತ್ತದೆ, ಸಾಕೆಟ್ ಬೇಡ. 17ರ ಪಾನ ಕೂರುವ ಡ್ರೈನ್ ಬೋಲ್ಟ್ ಕಂಡರೆ ಮುಟ್ಟಬೇಡಿ, ಅದು ಎಂಜಿನ್ ಆಯಿಲ್‌ನದು. ಎಂಜಿನ್ ಆಯಿಲ್ ಬದಲಿಸಲು ಹೋಗಿ ಗೇರ್‌ಬಾಕ್ಸ್‌ನ ಬೋಲ್ಟನ್ನೇ ಎಂಜಿನ್‌ನದೆಂದು ಬಿಚ್ಚಿ ಗೇರ್‌ಬಾಕ್ಸ್ ಖಾಲಿ ಮಾಡಿ, ಎಂಜಿನ್‌ಗೆ ಇನ್ನೊಂದು ಡಬ್ಬ ಆಯಿಲ್ ಸುರಿಯುವುದು ಸಾಮಾನ್ಯವಾಗಿ ಆಗುವ ಅನಾಹುತ. ಎರಡೂ ಹಾಳು.

ಹತ್ತು ನಿಮಿಷ ಓಡಿಸಿ ಬೆಚ್ಚಗಿರುವಾಗ ಇಳಿಸಿ, ಕೈ ಸುಡುವಷ್ಟು ಕಾದಾಗ ಬೇಡ. ಜಾಕಿ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ. ಸ್ಟ್ಯಾಂಡ್ ಕೊಡಿ. ಮರದ ದಿಮ್ಮಿಯೂ ಬೇಡ, ಇಟ್ಟಿಗೆಯೂ ಬೇಡ. ಬಂದ ಆಯಿಲ್ ಅಳೆಯಿರಿ. ಎಷ್ಟು ಬಂತೋ ಅಷ್ಟೇ ಹಾಕಿ. ಡ್ರೈನ್ ಬೋಲ್ಟ್ ಬಿಗಿತ 49 ನ್ಯೂಟನ್ ಮೀಟರ್. ಅಲ್ಯೂಮಿನಿಯಂ ಕೇಸ್, ಜೋರು ಮಾಡಿದರೆ ಥ್ರೆಡ್ ಎದ್ದುಬರುತ್ತದೆ.

ಫಿಲ್ಟರ್ ಕೇಳಬೇಡಿ. ಈ ಬಾಕ್ಸ್‌ನ ಜಾಲರಿ ಒಳಗಿದೆ, ಬಾಕ್ಸ್ ಬಿಚ್ಚದೆ ಸಿಗದು.

ಘಟ್ಟದ_ಗಾಡಿ (ವಿರಾಜಪೇಟೆ)

ಮೇಲಿನವರ ಮಾತಿಗೆಲ್ಲ ಒಪ್ಪಿಗೆ, ಒಂದು ಬಿಟ್ಟು. ಮೂರೂ ಸಲ ಒಂದೇ ದಿನ ಮಾಡಬೇಡಿ. 1.4 ಲಕ್ಷ ಓಡಿದ ಬಾಕ್ಸ್‌ನಲ್ಲಿ ಅಂಟಿಕೊಂಡ ಜಿಡ್ಡು ಹೊಸ ಆಯಿಲ್‌ಗೆ ಬಿಡುತ್ತಾ ಬರುತ್ತದೆ. ನಡುವೆ 500ರಿಂದ 1,000 ಕಿ.ಮೀ. ಓಡಿಸಿದರೆ ಆ ಕೊಳೆ ಮುಂದಿನ ಸಲಕ್ಕೆ ಹೊರಗೆ ಬರುತ್ತದೆ, ಲಕ್ಷಣ ಬದಲಾಯಿತೇ ಎಂದೂ ಗೊತ್ತಾಗುತ್ತದೆ. ಮಷಿನ್ ಬೇಡ ಎನ್ನುವುದಕ್ಕೂ ಕಾರಣ ಇದೇ. ಒಮ್ಮೆಲೇ ಎದ್ದ ಕೊಳೆ ಆಯಿಲ್ ಹರಿವನ್ನು ಹದ ಮಾಡುವ ವಿದ್ಯುತ್ ಕವಾಟದ, ಅಂದರೆ ಸೊಲೆನಾಯ್ಡ್‌ನ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಂಡರೆ ಕೆಲಸ ಕೆಡುತ್ತದೆ.

'ಮುಟ್ಟಿದರೆ ಹೋಗುತ್ತದೆ' ಎನ್ನುವುದು ಹುಟ್ಟಿದ್ದು ಹೀಗೆ: ಕ್ಲಚ್ ಆಗಲೇ ಸವೆದು ಗೇರ್ ಜಾರಲು ಶುರುವಾದ ಮೇಲೆ ಜನ ಆಯಿಲ್ ಬದಲಿಸುತ್ತಾರೆ. ಸವೆದ ಕ್ಲಚ್ ಆಯಿಲ್‌ನಿಂದ ಬೆಳೆಯುವುದಿಲ್ಲ, ಬಾಕ್ಸ್ ಹೋಗುತ್ತದೆ, ಆಯಿಲ್ ಮೇಲೆ ಅಪವಾದ. ನಿಮಗೆ ಏರಿನಲ್ಲಿ ಆರ್‌ಪಿಎಂ ಏರಿ ಗಾಡಿ ಮುಂದೆ ಹೋಗದಂಥ ಜಾರಿಕೆ ಇಲ್ಲವಲ್ಲ. ಧೈರ್ಯವಾಗಿ ಮಾಡಿ.

ಡಬ್ ಎಂದು ಹಿಡಿಯುವುದಕ್ಕೆ ಆಯಿಲ್ ಒಂದನ್ನೇ ದೂರಬೇಡಿ. ಬಲಗಡೆ, ಅಂದರೆ ಡ್ರೈವರ್ ಕಡೆಯ ಎಂಜಿನ್ ಮೌಂಟ್ (ಎಂಜಿನ್ ಹಿಡಿದಿಡುವ ರಬ್ಬರ್ ಆಸರೆ) ನೋಡಿ. ಅದರೊಳಗೆ ದ್ರವ ಇರುತ್ತದೆ. ರಬ್ಬರ್ ಒಡೆದರೆ ದ್ರವ ಸೋರಿ ಕೆಳಗೆ ಕಪ್ಪು ಕಲೆ ಬಿದ್ದಿರುತ್ತದೆ. ಬ್ರೇಕ್ ಒತ್ತಿ ಹಿಡಿದು, ಬಾನೆಟ್ ಎತ್ತಿ, ಒಬ್ಬರು ಡಿ, ಆರ್ ಬದಲಿಸಲಿ. ಗಾಡಿಯ ಎದುರು ನಿಲ್ಲದೆ ಪಕ್ಕದಿಂದ ನೋಡಿ. ಎಂಜಿನ್ ಎದ್ದು ಬಿದ್ದಂತೆ ಕಂಡರೆ ಮೌಂಟ್ ಹೋಗಿದೆ. ಮೀಟರ್‌ನಲ್ಲಿ ಡಿ ದೀಪ ಮಿಣುಕುತ್ತಿದ್ದರೆ ಮಾತ್ರ ಮೊದಲು ಸ್ಕ್ಯಾನರ್ ಹಾಕಿಸಿ, ದೋಷ ತೋರಿಸುವ ಕೋಡ್ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಎಂದಿರಿ. 2019ರ ಆಗಸ್ಟ್‌ನಲ್ಲಿ ಕುಶಾಲನಗರ, ನೆಲ್ಯಹುದಿಕೇರಿ, ಕರಡಿಗೋಡು ಕಡೆ ಕಾವೇರಿ ಮನೆಗಳಿಗೇ ನುಗ್ಗಿತ್ತು. ಗಾಡಿ ನೀರಿನಲ್ಲಿ ಮುಳುಗಿದ್ದರೆ ಬ್ರೀದರ್ (ಬಾಕ್ಸ್ ಉಸಿರಾಡುವ ಗಾಳಿಯ ತೂತು) ಮೂಲಕ ನೀರು ಬಾಕ್ಸ್ ಸೇರಿರುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದು ನೋಡಿ. ಕಂದು, ಕಪ್ಪು ಪರವಾಗಿಲ್ಲ. ರೋಸ್ ಮಿಲ್ಕ್ ಬಣ್ಣ ಇದ್ದರೆ ನೀರೋ ಕೂಲೆಂಟೋ ಬೆರೆತಿದೆ. ಕ್ಲಚ್‌ನ ಅಂಟು ನೀರಿಗೆ ಬಿಡುತ್ತದೆ, ಆಗ ಈ ಲೆಕ್ಕ ಯಾವುದೂ ನಡೆಯದು.

ಕಾಫಿಗಿಡ_ಆಲ್ಟಿಸ್

ಬೇರೆ ಗಾಡಿಯವರು ಇದನ್ನೇ ನೋಡಿ ಮಾಡಬೇಡಿ. ಹಳೇ ಟೊಯೋಟಾ ಆಲ್ಟಿಸ್‌ಗೆ ಕೆಳಗೆ ಪ್ಯಾನ್ ಇದೆ. ಬಿಚ್ಚಿದರೆ ಜಾಲರಿ, ಮ್ಯಾಗ್ನೆಟ್ ಎರಡೂ ಸಿಗುತ್ತವೆ, ಗ್ಯಾಸ್ಕೆಟ್ ಹೊಸದು ಬೇಕು. ಸಿವಿಟಿ (ಗೇರ್ ಹಂತಗಳಿಲ್ಲದ ಆಟೋಮ್ಯಾಟಿಕ್) ಇರುವ ಹಳೇ ಹೋಂಡಾ ಸಿಟಿಗೆ ಆಯಿಲ್ಲೇ ಬೇರೆ.

ಸುಂಟಿಕೊಪ್ಪ_ಸಿವಿಕ್

ಮೊದಲ ಸುತ್ತು ಮುಗಿಯಿತು. ಬಂದದ್ದು 2.3 ಲೀಟರ್, ಡಿಕಾಕ್ಷನ್‌ನಂತೆ ಕಪ್ಪು, ಸುಟ್ಟ ವಾಸನೆ ಇಲ್ಲ. ಬೋಲ್ಟ್ ತುದಿಯ ಮ್ಯಾಗ್ನೆಟ್‌ಗೆ ಕಾಡಿಗೆಯಂಥ ಬೂದು ಪೇಸ್ಟ್ ಮೆತ್ತಿತ್ತು, ಬೆರಳಲ್ಲಿ ಉಜ್ಜಿದರೆ ಮರಳಿನಂತೆ ಏನೂ ತಾಗಲಿಲ್ಲ. 2.5 ಹಾಕಿದೆ. ಮನೆ ಅಂಗಳದಲ್ಲಿ ಕಡ್ಡಿ ನೋಡಿದರೆ ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಿದೆ. ಅಂಗಳ ಸ್ವಲ್ಪ ಇಳಿಜಾರು. ತೆಗೆಯಬೇಕಾ?

ಹದಿನೇಳರ_ಪಾನ (ಮಡಿಕೇರಿ)

ಪೇಸ್ಟ್ ಕ್ಲಚ್, ಗೇರ್‌ಗಳ ಸಹಜ ಸವೆತ. ಚೂರು, ಸೂಜಿಯಂಥ ತುಂಡು ಸಿಕ್ಕಿದ್ದರೆ ಮಾತ್ರ ಚಿಂತೆ. ಮ್ಯಾಗ್ನೆಟ್ ಒರೆಸಿಯೇ ಹಾಕಿದ್ದೀರಿ ಎಂದುಕೊಳ್ಳುತ್ತೇನೆ.

ಇಳಿಜಾರಿನಲ್ಲಿ ನೋಡಿದ ಮಟ್ಟ ಲೆಕ್ಕಕ್ಕಿಲ್ಲ. ನಮ್ಮೂರಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ. ಕುಶಾಲನಗರದವರೆಗೆ ಓಡಿಸಿ, ಆಯಿಲ್ ಕಾಯುತ್ತದೆ, ಅಲ್ಲಿ ನೆಲವೂ ಸಮ. ಎಸಿ ಆಫ್ ಮಾಡಿ, ಪಿ ಹಾಕಿ, ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುವವರೆಗೆ ಎಂಜಿನ್ ಓಡಲಿ. ಎಸಿ ಆನ್ ಇದ್ದರೆ ಫ್ಯಾನ್ ಹೇಗಿದ್ದರೂ ತಿರುಗುತ್ತದೆ, ಕಾವು ಗೊತ್ತಾಗದು. ಎಂಜಿನ್ ಆಫ್ ಮಾಡಿ 60 ಸೆಕೆಂಡ್ ಆದಮೇಲೆ, 90 ಸೆಕೆಂಡ್ ಒಳಗೆ ಕಡ್ಡಿ ಎಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ ನೋಡಿ. ಎರಡು ಗುರುತಿನ ನಡುವೆ ಇರಬೇಕು.

ಆಗಲೂ ಹೆಚ್ಚಿದ್ದರೆ ತೆಗೆಯಲೇಬೇಕು. ತಿರುಗುವ ಗೇರ್ ಹೆಚ್ಚಿನ ಆಯಿಲ್ ಕಡೆದು ನೊರೆ ಮಾಡುತ್ತದೆ, ನೊರೆಗೆ ಒತ್ತಡ ಬಾರದು, ಗೇರ್ ಜಾರುತ್ತದೆ. ದೊಡ್ಡ ಸಿರಿಂಜ್‌ಗೆ ತೆಳು ಪೈಪ್ ಸಿಕ್ಕಿಸಿ ಕಡ್ಡಿಯ ತೂತಿನಿಂದ 100 ಮಿ.ಲೀ.ನಂತೆ ಎಳೆಯಿರಿ, ಪ್ರತಿ ಸಲ ಮತ್ತೆ ಅಳೆಯಿರಿ. ಮಳೆ ಹನಿಯುವಾಗ ಬೋಲ್ಟ್, ಕಡ್ಡಿ ಯಾವುದೂ ತೆರೆಯಬೇಡಿ.

ಘಟ್ಟದ_ಗಾಡಿ (ವಿರಾಜಪೇಟೆ)

ಮೂರು ಸುತ್ತು ಮುಗಿದ ಮೇಲೂ ನಡುಕ ಹಾಗೇ ಇದ್ದರೆ ನಾಲ್ಕನೆಯದಕ್ಕೆ ದುಡ್ಡು ಹಾಕಬೇಡಿ, ಲಾಕಪ್ ಕ್ಲಚ್ ಸವೆದಿರುತ್ತದೆ, ಕನ್ವರ್ಟರ್ ನೋಡಿಸಬೇಕು. ನಡುಕ ಹೋದರೆ ಮುಂದೆ ಘಾಟಿ ಓಟಕ್ಕೆ 40,000 ಕಿ.ಮೀ.ಗೊಂದು ಸಲ ಇಳಿಸಿ ತುಂಬಿದರೆ ಸಾಕು. ಇಳಿಸಿದ ಆಯಿಲ್ ತೋಟದ ಬೇಲಿ ಗೂಟಕ್ಕೆ ಬಳಿಯುವುದು, ತೋಡಿಗೆ ಚೆಲ್ಲುವುದು ಬೇಡ, ನೀರು ಕೊನೆಗೆ ಕಾವೇರಿಗೇ ಹೋಗುತ್ತದೆ. ಅದೇ ಡಬ್ಬಗಳಿಗೆ ತುಂಬಿ ವೇಸ್ಟ್ ಆಯಿಲ್ ಒಯ್ಯುವವರು ಬರುವ ಗ್ಯಾರೇಜ್‌ಗೆ ಕೊಡಿ.