ಪಟ್ಟಿ, ಜಲಪಾತ, ರಿಗ್: ಹ್ಯಾಮ್ ತಂತ್ರಾಂಶದ ಯೋಜನೆ ಬರೆಯಲು ಪದ ಬೇಕು

ಎಲ್ಲರಿಗೂ ನಮಸ್ಕಾರ.

ನಾವು ನಾಲ್ಕೈದು ಹ್ಯಾಮ್‌ಗಳು (ಹವ್ಯಾಸಕ್ಕಾಗಿ ರೇಡಿಯೋ ಸಂಪರ್ಕ ನಡೆಸುವವರು) ಸೇರಿ, ಯಾರ ಜೊತೆ ಯಾವಾಗ ಮಾತಾಡಿದೆವು ಎಂದು ದಾಖಲಿಸುವ ಪುಟ್ಟದೊಂದು ಲಾಗಿಂಗ್ ತಂತ್ರಾಂಶ ಬರೆಯುತ್ತಿದ್ದೇವೆ. ಮುಂದಿನ ಆವೃತ್ತಿಯಲ್ಲಿ ಏನೇನಾಗಬೇಕು ಎಂಬುದನ್ನು ಕನ್ನಡದಲ್ಲೇ ಬರೆದಿಡೋಣ ಅಂತ ಕೂತೆ. ಪದವೇ ಸಿಗಲಿಕ್ಕಿಲ್ಲ ಎಂಬ ಅಂಜಿಕೆ ಇತ್ತು. ಆಗಿದ್ದು ಬೇರೆ: ಪದ ಸಿಗುತ್ತದೆ, ಆದರೆ ಅದೇ ಪುಟದಲ್ಲಿ ಇನ್ನೊಂದು ಕೆಲಸಕ್ಕೆ ಆಗಲೇ ಸೇರಿಕೊಂಡಿರುತ್ತದೆ.

ಬ್ಯಾಂಡ್‌ಗೆ, ಅಂದರೆ ರೇಡಿಯೋ ಆವರ್ತನಗಳ ಒಂದು ವ್ಯಾಪ್ತಿಗೆ, ‘ಪಟ್ಟಿ’ ಸೊಗಸಾಗಿ ಕೂರುತ್ತದೆ. 20 ಮೀಟರ್ ಬ್ಯಾಂಡ್ ಎಂದರೆ 14.000ದಿಂದ 14.350 ಮೆಗಾಹರ್ಟ್ಸ್‌ವರೆಗಿನ ಜಾಗ, ನಿಜಕ್ಕೂ ಒಂದು ಪಟ್ಟಿಯೇ. ಆದರೆ ಬ್ಯಾಂಡ್ ಆರಿಸುವ ಮೆನು ಇದೆಯಲ್ಲ, ಅದು ‘ಪಟ್ಟಿಗಳ ಪಟ್ಟಿ’ ಆಯಿತು. ಕರಡು ಓದಿದ ತಂಗಿ ನಗಾಡಿದಳು. ಧಾರವಾಡದ ಕಡೆಯ ‘ಯಾದಿ’ ನೆನಪಾಗಿ ‘ಪಟ್ಟಿಗಳ ಯಾದಿ’ ಎಂದು ತಿದ್ದಿದೆ. ಹಳೇ ಮೈಸೂರಿನವರು ಇದನ್ನು ತಡವರಿಸದೆ ಓದುತ್ತೀರಾ?

ನಿಜವಾಗಿ ಕಾಡಿದ್ದು ವಾಟರ್‌ಫಾಲ್, ಅಂದರೆ ಬರುತ್ತಿರುವ ಸಿಗ್ನಲ್‌ಗಳನ್ನು ಪರದೆಯ ಮೇಲೆ ತೋರಿಸುವ ಚಿತ್ರ. ನೋಡದವರಿಗಾಗಿ ಸ್ವಲ್ಪ ವಿವರ. ಕಂಪ್ಯೂಟರ್ ನೆರವಿನಿಂದ ರೇಡಿಯೋದಲ್ಲಿ ಪುಟ್ಟ ಸಂದೇಶ ಕಳಿಸುವ, 2017ರಲ್ಲಿ ಬಂದ ಎಫ್‌ಟಿ8 ಎಂಬ ವಿಧಾನ ಈಗ ಹ್ಯಾಮ್‌ಗಳಲ್ಲಿ ಮನೆಮಾತು. ಅದನ್ನು ರೂಪಿಸಿದವರು ಸ್ಟೀವ್ ಫ್ರಾಂಕೆ ಮತ್ತು ಜೋ ಟೇಲರ್. ಹೆಸರಿನಲ್ಲಿರುವ ಎಫ್, ಟಿ ಅವರವೇ. ಟೇಲರ್ 1993ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಖಗೋಳ ವಿಜ್ಞಾನಿ. ಒಬ್ಬರಿಗೆ 15 ಸೆಕೆಂಡಿನ ಸರದಿ, ಮುಂದಿನ 15 ಸೆಕೆಂಡು ಇನ್ನೊಬ್ಬರದು. ಪರದೆಯ ಮೇಲೆ ಕಡುನೀಲಿ ಹಿನ್ನೆಲೆ. ಮೇಲಿನ ಅಂಚಿನಲ್ಲಿ ಹೊಸ ಗೆರೆ ಹುಟ್ಟುತ್ತಾ, ಹಳೆಯದು ಕೆಳಗೆ ಜಾರುತ್ತಾ ಹೋಗುತ್ತದೆ. ಒಬ್ಬೊಬ್ಬರ ಸಿಗ್ನಲ್ಲೂ ಸುಮಾರು 50 ಹರ್ಟ್ಸ್ ಅಗಲದ ಹಳದಿ ಎಳೆಯಾಗಿ ಇಳಿಯುತ್ತದೆ. ನನ್ನ ಕಣ್ಣಿಗೆ ಅದು ನೀರಿಗಿಂತ ಮಗ್ಗದಿಂದ ಇಳಿಯುವ ಸೀರೆಯ ಹಾಗೆ.

ನಾನು ‘ಜಲಪಾತದ ವೇಗ ಹೆಚ್ಚಿಸಬೇಕು’ ಎಂದು ಬರೆದೆ. ಜೋಗಕ್ಕೆ ನೀರು ಬಿಟ್ಟ ಹಾಗಾಯಿತು. ಅದೂ ಹೋಗಲಿ ಎಂದರೆ, ಅದೇ ಯೋಜನೆಯಲ್ಲಿ ‘ವಾಟರ್‌ಫಾಲ್ ವಿಧಾನ ಬೇಡ’ ಎಂಬ ಮಾತೂ ಇದೆ. ಇದು ತಂತ್ರಾಂಶದವರ ವಾಟರ್‌ಫಾಲ್: ಮೊದಲು ಪೂರ್ತಿ ವಿನ್ಯಾಸ, ಆಮೇಲೆ ಪೂರ್ತಿ ಕೋಡ್, ಕೊನೆಗೆ ಪರೀಕ್ಷೆ. ಎರಡಕ್ಕೂ ಜಲಪಾತ ಎಂದರೆ ‘ಜಲಪಾತ ಬೇಡ, ಆದರೆ ವೇಗವಾಗಿರಲಿ’ ಎಂದು ಓದಿಸಿಕೊಳ್ಳುತ್ತದೆ. ಎರಡನೆಯದಕ್ಕೆ ‘ಹಂತವಾರು ವಿಧಾನ’ ಸಾಕು ಅನ್ನಿಸಿದೆ. ಮೊದಲನೆಯದಕ್ಕೆ ‘ಇಳಿಚಿತ್ರ’ ಕಟ್ಟಿ ನೋಡಿದೆ. ಗೆಳೆಯರಿಗೆ ಹಿಡಿಸಲಿಲ್ಲ. ಅವರ ಬಾಯಲ್ಲಿ ‘ವಾಟರ್‌ಫಾಲ್‌ನಲ್ಲಿ ಗೆರೆ ಕಾಣ್ತಿದೆ, ಡಿಕೋಡ್ ಆಗ್ತಿಲ್ಲ’ ಎಂದೇ ಬರುವುದು. ಬಳಸುವವರು ಅವರು, ಅವರಿಗೇ ಬೇಡವಾದರೆ ನನ್ನದೇನು ಹಟ? ಆದರೂ ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಇನ್ನು ರಿಗ್. ಹ್ಯಾಮ್‌ಗೆ ರಿಗ್ ಅಂದರೆ ರೇಡಿಯೋ ಸೆಟ್ಟು. ಕಂಪ್ಯೂಟರಿನಿಂದ ಅದರ ಆವರ್ತನ ಬದಲಿಸಲು ಹ್ಯಾಮ್‌ಲಿಬ್ ಎಂಬ ಕೋಡ್ ಸಂಗ್ರಹ ಇದೆ, ನಾವೂ ಅದನ್ನೇ ನೆಚ್ಚಿದ್ದೇವೆ. ಆದರೆ ನಮ್ಮೂರಲ್ಲಿ ‘ರಿಗ್ ಬಂತು’ ಅಂದರೆ ಬೋರ್‌ವೆಲ್ ಲಾರಿ ಬಂತು ಅಂತಲೇ. ‘ರಿಗ್ ನಿಯಂತ್ರಣ’ ಬಿಟ್ಟು ‘ಸೆಟ್ ನಿಯಂತ್ರಣ’ ಅಂದೆ. ‘ಉಪಕರಣ’ ಅನ್ನಬಹುದಿತ್ತು. ಹಾಗಂದರೆ ಡೆವಲಪ್‌ಮೆಂಟ್ ಟೂಲ್‌ಗಳಿಗೆ ಏನು ಉಳಿಯಿತು? ‘ಅಭಿವೃದ್ಧಿ ಸಾಧನಗಳು’ ಎಂದರೆ ಪಂಚಾಯಿತಿ ಕಡತದ ವಾಸನೆ, ಅಭಿವೃದ್ಧಿಯನ್ನು ರಸ್ತೆ-ಚರಂಡಿಗೆ ಬಿಟ್ಟುಕೊಟ್ಟು ಬಹಳ ಕಾಲವಾಯಿತು. ಬಡಗಿಗಳು ಉಳಿ, ಗರಗಸಕ್ಕೆ ಹೇಳುವ ‘ಹತಾರ’ ನನಗೆ ಇಷ್ಟ. ಕಂಪೈಲರ್, ಡಿಬಗರ್, ಗಿಟ್ ಎಲ್ಲವೂ ಕೆಲಸಗಾರನ ಹತಾರಗಳೇ ತಾನೆ? ಒಬ್ಬರು ಮಾತ್ರ ಅದರಲ್ಲಿ ಹಿಂದಿಯ ‘ಹಥಿಯಾರ್’, ಅಂದರೆ ಆಯುಧ, ಕೇಳಿಸುತ್ತದೆ ಎಂದು ಆಕ್ಷೇಪಿಸಿದ್ದಾರೆ. ನಿಮ್ಮ ಕಿವಿಗೂ ಹಾಗೇ ಕೇಳುತ್ತದೆಯೇ?

ಸಣ್ಣದೊಂದು ಉಳಿದಿದೆ. ಬಗ್ (ತಂತ್ರಾಂಶದ ದೋಷ) ಸರಿಪಡಿಸುವುದನ್ನೂ ಹೊಸ ಸೌಲಭ್ಯ ಸೇರಿಸುವುದನ್ನೂ ‘ಸುಧಾರಣೆ’ ಅಡಿಯಲ್ಲೇ ಹಾಕಿದ್ದೆ. ಈಗ ಬಗ್‌ಗೆ ‘ರಿಪೇರಿ’, ಹೊಸದಕ್ಕೆ ‘ಸೇರ್ಪಡೆ’ ಎಂದು ಬೇರ್ಪಡಿಸಿದ್ದೇನೆ. ಆದರೆ ಬಿಲ್ಡ್ ಮಾತ್ರ ಬಗ್ಗುತ್ತಿಲ್ಲ. ಕೋಡ್‌ನಿಂದ ಓಡುವ ತಂತ್ರಾಂಶ ತಯಾರಿಸುವುದಕ್ಕೂ, ಹಾಗೆ ತಯಾರಾದದ್ದಕ್ಕೂ ಬಿಲ್ಡ್ ಎಂದೇ ಹೆಸರು. ‘ಕಟ್ಟು’ ಎಂದರೆ ಕ್ರಿಯಾಪದವಾಗಿ ಸರಿ, ‘ಕೋಡ್ ಕಟ್ಟಿ ನೋಡಿದೆ’ ಅನ್ನಬಹುದು. ನಾಮಪದಕ್ಕೆ ಬಂದರೆ, ‘ನಿನ್ನೆ ರಾತ್ರಿಯ ಬಿಲ್ಡ್ ಮುರಿದಿದೆ’ ಎಂಬುದನ್ನು ನೀವು ಹೇಗೆ ಬರೆಯುತ್ತೀರಿ?