ಅಪ್‌ಡೇಟ್: ‘ಲೋನ್ ಕ್ಲಿಯರ್’ ಅಂದಿದ್ದ ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್

‘ಲೋನ್ ಮುಗಿದಿದೆ, 5,000 ಅಡ್ವಾನ್ಸ್ ಹಾಕಿ’ ಅಂತ ಅವಸರ ಮಾಡ್ತಿದ್ದ ಮಾರಾಟಗಾರನನ್ನು ನಂಬಿ ಈ ಬೈಕ್ ಕೊಳ್ಳಬಹುದಾ ಅಂತ ಹಿಂದಿನ ಪೋಸ್ಟ್‌ನಲ್ಲಿ ಕೇಳಿದ್ದೆನಲ್ಲ, ಆ ಗಾಡಿ ಕೊಳ್ಳೋದು ಬಿಟ್ಟೆ. ಎಂಪರಿವಾಹನ್‌ನಲ್ಲಿ (ಗಾಡಿ ವಿವರ ತೋರಿಸೋ ಸರ್ಕಾರಿ ಆ್ಯಪ್) ನಂಬರ್ ಹಾಕಿ ನೋಡಿ ಅಂದವರ ಮಾತೇ ಕೈಹಿಡೀತು: ಫೈನಾನ್ಸ್ ಕಂಪನಿ ಹೆಸರು ಇನ್ನೂ ಹಾಗೇ ಕೂತಿತ್ತು. ಎನ್‌ಒಸಿ (ಸಾಲ ತೀರಿದೆ ಅಂತ ಫೈನಾನ್ಸ್ ಕಂಪನಿ ಕೊಡೋ ಪತ್ರ) ಕೇಳಿದ್ದಕ್ಕೆ ವಾಟ್ಸಾಪ್‌ನಲ್ಲಿ ಮಸುಕು ಫೋಟೊ ಬಂತು. ಅದರಲ್ಲಿದ್ದ ಚಾಸಿ ನಂಬರಿನ ಕೊನೆಯ ಐದು ಅಂಕಿಗೂ ಹ್ಯಾಂಡಲ್ ಕೆಳಗಿನ ಫ್ರೇಮ್ ಮೇಲೆ ಕೊರೆದಿದ್ದಕ್ಕೂ ತಾಳೆಯೇ ಇಲ್ಲ! ಆಧಾರ್ ಕಾಪಿ ಇಸ್ಕೊಳ್ಳಿ ಅನ್ನೋ ಸಲಹೆ ಕೆಲಸಕ್ಕೆ ಬರಲಿಲ್ಲ; ಕೇಳಿದ ತಕ್ಷಣ ಕಳಿಸಿದ, ಯಾರದೋ ಏನೋ.

ಹೊಸದಾಗಿ ಗೊತ್ತಾಗಿದ್ದು: ಸಾಲ ನಿಜವಾಗ್ಲೂ ತೀರಿದ್ರೂ, ಫಾರ್ಮ್ 35 (ಸಾಲದ ಒಪ್ಪಂದ ಮುಗಿದಿದೆ ಅಂತ ತಿಳಿಸೋ ಅರ್ಜಿ) ಮತ್ತು ಎನ್‌ಒಸಿ ಆರ್‌ಟಿಒಗೆ ಹೋಗೋವರೆಗೂ ಆರ್‌ಸಿಯಿಂದ ಹೈಪೋಥಿಕೇಶನ್ (ಗಾಡಿ ಸಾಲಕ್ಕೆ ಅಡವಿದೆ ಅನ್ನೋ ನಮೂದು) ಅಳಿಸಲ್ಲ. ಬರೀ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡಿದ್ರೆ ಹೆಸರು ಬದಲಾವಣೆ ಅಲ್ಲೇ ನಿಲ್ತಿತ್ತು. ಇಂಥ ಮಾರಾಟಗಾರರಿಗೆ ಈಗಾಗಲೇ ಯುಪಿಐ ಮಾಡಿಬಿಟ್ಟವರು ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಇನ್ನೊಂದು ಖಾತೆಗೆ ದಾಟೋ ಮುಂಚೆ ತಡೆಹಿಡಿಸೋ ಸಾಧ್ಯತೆ ಇರುತ್ತೆ.