ಕ್ರಿಶ್ಚಿಯನ್ ಲಿಬರಲ್ ಆರ್ಟ್ಸ್ ಯೂನಿವರ್ಸಿಟಿಗೆ ಮಗಳನ್ನು ಕಳಿಸಬಹುದಾ?

ಪ್ರಶ್ನೆ (ಹಾಸನದ ತಾಯಿ): ಸರ್, ಮಗಳ ಪಿಯುಸಿ ಮುಗಿಯಿತು. ಅಮೆರಿಕದ ಒಂದು ಚಿಕ್ಕ ಕ್ರಿಶ್ಚಿಯನ್ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ, ಸ್ಕಾಲರ್‌ಶಿಪ್ಪೂ ಕೊಡುತ್ತಾರಂತೆ. ನಾವು ಹಿಂದೂಗಳು. ಅತ್ತೆಯವರು "ಮತ ಬದಲಾಯಿಸಿಬಿಡ್ತಾರೆ" ಅಂತ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಲಿಬರಲ್ ಆರ್ಟ್ಸ್ ಅಂದರೆ ನಮ್ಮ ಬಿಎ ತಾನೇ?

ಉತ್ತರ (ಶಿಕ್ಷಣ ಸಲಹೆಗಾರ): ಮೇಡಂ, ಮೊದಲು ಅತ್ತೆಯವರಿಗೆ ಊಟ ಹಾಕಿ. ಕ್ರಿಶ್ಚಿಯನ್ ಅನ್ನೋ ಬೋರ್ಡು ಒಂದೇ ಇದ್ದರೂ ಒಳಗಿನ ನಿಯಮ ಕಾಲೇಜಿಗೊಂದು ತರಹ. ಇಲಿನಾಯ್‌ನ ವೀಟನ್ ಕಾಲೇಜು 1860ರದ್ದು. ಅಲ್ಲಿ ಸೇರುವವರು ಕ್ರೈಸ್ತ ನಂಬಿಕೆ ಉಳ್ಳವರೇ ಆಗಿರಬೇಕು, ನಡವಳಿಕೆಯ ಒಪ್ಪಂದಕ್ಕೆ ಸಹಿ ಹಾಕಬೇಕು. ಕ್ಯಾಂಪಸ್ಸಿನಲ್ಲಿ ಮೊದಲ ಡ್ಯಾನ್ಸ್ ನಡೆದದ್ದೇ 2003ರಲ್ಲಿ ಅಂದರೆ ನೀವೇ ಊಹಿಸಿ! ಮಿಷಿಗನ್‌ನ ಕ್ಯಾಲ್ವಿನ್ ಯೂನಿವರ್ಸಿಟಿ ಹಾಗಲ್ಲ. ಅದೂ ಚರ್ಚಿನವರೇ 1876ರಲ್ಲಿ ಕಟ್ಟಿದ್ದು, ಆದರೆ ಬೇರೆ ಧರ್ಮದ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಚಾಪೆಲ್, ಅಂದರೆ ಪ್ರಾರ್ಥನಾ ಸಭೆ, ಇಷ್ಟ ಇದ್ದವರಿಗೆ ಮಾತ್ರ.

ಆದರೆ ಒಂದು ಮಾತು. ಚಾಪೆಲ್ ತಪ್ಪಿಸಬಹುದಾದರೂ ಧರ್ಮದ ಪಾಠ ತಪ್ಪುವುದಿಲ್ಲ. ಇಂಥ ಕಡೆ ಬೈಬಲ್ ಅಥವಾ ಥಿಯಾಲಜಿಯ (ದೇವರು-ಧರ್ಮದ ಶಾಸ್ತ್ರ) ಒಂದೆರಡು ಕೋರ್ಸು ಸಾಮಾನ್ಯವಾಗಿ ಕಡ್ಡಾಯ. ಅದು ಪಾಠ, ಪರೀಕ್ಷೆಗೆ ಓದಿದರೆ ಆಯಿತು.

ಲಿಬರಲ್ ಆರ್ಟ್ಸ್ ಅಂದರೆ ಬಿಎ ಒಂದೇ ಅಲ್ಲ. ಕಂಪ್ಯೂಟರ್ ಸೈನ್ಸ್, ಬಯಾಲಜಿ ಎಲ್ಲಾ ಇರುತ್ತದೆ. ಜೊತೆಗೆ ಇತಿಹಾಸ, ತತ್ವಶಾಸ್ತ್ರ, ಬರವಣಿಗೆಯನ್ನೂ ಸ್ವಲ್ಪ ಸ್ವಲ್ಪ ಓದಬೇಕು. ನಮ್ಮಲ್ಲಿ ಸೇರುವಾಗಲೇ ವಿಷಯ ಹಿಡಿಯಬೇಕು, ಅಲ್ಲಿ ಎರಡನೇ ವರ್ಷದ ಹೊತ್ತಿಗೆ ಮೇಜರ್, ಅಂದರೆ ಮುಖ್ಯ ವಿಷಯ, ಆರಿಸಿಕೊಂಡರೆ ಸಾಕು. ಕ್ಲಾಸು ಚಿಕ್ಕದು. ಹಿಂದಿನ ಬೆಂಚಿನಲ್ಲಿ ಬಚ್ಚಿಟ್ಟುಕೊಂಡು ಕೂರೋಕೆ ಆಗಲ್ಲ, ಬರದಿದ್ದರೆ ಮೇಷ್ಟ್ರೇ ಮೇಲ್ ಹಾಕಿ ಕೇಳುತ್ತಾರೆ.

ಪ್ರಶ್ನೆ (ದಾವಣಗೆರೆಯ ವಿದ್ಯಾರ್ಥಿ): ಸರ್, ಆಮೇಲೆ ಕೆಲಸ?

ಉತ್ತರ: ಇಲ್ಲಿ ಮೇಜರ್ ಮುಖ್ಯ ಕಣಪ್ಪ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ ಮುಗಿದ ಮೇಲೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡಲು ಅವಕಾಶ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ವಿಷಯವಾದರೆ ಇನ್ನೂ 24 ತಿಂಗಳು. ಇತಿಹಾಸ ಓದಿದವರಿಗೆ ಆ 24 ಸಿಗಲ್ಲ. ಮಾರ್ಕೆಟಿಂಗ್ ಮಾಡುವ ಏಜೆಂಟರು ಇದನ್ನು ಬಾಯಿಬಿಟ್ಟು ಹೇಳುವುದು ಕಮ್ಮಿ.

ದುಡ್ಡಿಗೆ ಕಷ್ಟ ಇದ್ದರೆ ಕೆಂಟಕಿಯ ಬೆರಿಯಾ ಕಾಲೇಜನ್ನೂ ನೋಡು. 1855ರಲ್ಲಿ ಶುರುವಾದದ್ದು. ಟ್ಯೂಷನ್ ಫೀಸೇ, ಅಂದರೆ ಕಾಲೇಜಿನ ಪಾಠದ ಶುಲ್ಕವೇ, ಇಲ್ಲ. ಬದಲಿಗೆ ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆ ದುಡಿಯಬೇಕು. ಲೈಬ್ರರಿ ಇರಬಹುದು, ಮಗ್ಗ ಇರಬಹುದು, ಪೊರಕೆ ಕಟ್ಟುವ ಕೆಲಸವೂ ಇರಬಹುದು. ಹೊರದೇಶದವರಿಗೆ ಸೀಟು ತುಂಬಾ ಕಮ್ಮಿ, ಸ್ಪರ್ಧೆ ಜಾಸ್ತಿ.

ಹಾಸನದ ತಾಯಿ: ಸರಿ ಸರ್. ನಾನೀಗ ಯೂನಿವರ್ಸಿಟಿಯವರನ್ನು ಏನು ಕೇಳಲಿ?

ಉತ್ತರ: ಎರಡು ಕಾಗದ ತರಿಸಿ. ಒಂದು, ವಿದ್ಯಾರ್ಥಿ ಹ್ಯಾಂಡ್‌ಬುಕ್. ಅದರಲ್ಲಿ ಚಾಪೆಲ್, ಹಾಸ್ಟೆಲ್, ಮದ್ಯ, ಹುಡುಗ-ಹುಡುಗಿ ರೂಮಿಗೆ ಹೋಗಿಬರುವ ಸಮಯ ಎಲ್ಲಾ ಬರೆದಿರುತ್ತದೆ. ಇನ್ನೊಂದು, ಸ್ಕಾಲರ್‌ಶಿಪ್ ಕಳೆದು ಒಂದು ವರ್ಷಕ್ಕೆ ಕೈಯಿಂದ ಕಟ್ಟಬೇಕಾದ ಮೊತ್ತ. ಊಟ, ಹಾಸ್ಟೆಲ್, ಇನ್ಶೂರೆನ್ಸ್ ಸೇರಿಸಿ. ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಇರುತ್ತದಾ, ಎಷ್ಟು ಮಾರ್ಕ್ಸ್ ಇರಬೇಕು ಅಂತಲೂ ಬರಹದಲ್ಲಿ ಕೇಳಿ.

ಹಾಸನದ ತಾಯಿ: ಹ್ಯಾಂಡ್‌ಬುಕ್ ಅವರ ಸೈಟಿನಲ್ಲೇ ಇತ್ತು ಸರ್. ಚಾಪೆಲ್ ಕಡ್ಡಾಯ ಇಲ್ಲ. ಓದಿ ಹೇಳಿದೆ. ಈಗ ಅತ್ತೆಯವರ ಪ್ರಶ್ನೆ, ಅಲ್ಲಿ ಅನ್ನ-ಸಾರು ಸಿಗುತ್ತದಾ ಅಂತ.

ಉತ್ತರ: ಅನ್ನ ಸಿಗುತ್ತದೆ. ಸಾರಿನ ಪುಡಿ ಕಟ್ಟಿ ಕಳಿಸಿ.